ದ್ವಿಭಾಷಿಕ ಶಿಶುವಿನ ತಡವಾದ ಮಾತು: ಒಂದು ಅಪವಾದದ ಚರಿತ್ರೆ

ಮನೆಯಲ್ಲಿ ಎರಡು ಭಾಷೆಗಳು ನಡೆಯುತ್ತಿದ್ದರೆ ಮಗುವಿಗೆ ಮಾತು ತಡವಾಗಿ ಬರುತ್ತದೆಂಬ ಅಭಿಪ್ರಾಯವು ಎಷ್ಟು ವ್ಯಾಪಕವಾಗಿದೆಯೆಂದರೆ, ಅದಕ್ಕೆ ಪ್ರಮಾಣವೇನೆಂದು ಕೇಳುವವರೇ ವಿರಳ. ಎರಡು ವರ್ಷ ತುಂಬಿದ ಕೂಸು ಇನ್ನೂ ಮಾತಾಡದಿದ್ದರೆ, ‘ತಾಯಿಯದೊಂದು ಭಾಷೆ, ತಂದೆಯದೊಂದು ಭಾಷೆ, ಪಾಪ, ಮಗು ಯಾವುದನ್ನು ತಾನೇ ಕಲಿತೀತು?’ ಎಂದು ನೆರೆಯವರು ಹೇಳುತ್ತಾರೆ, ಶಿಶುವಿಹಾರದವರು ಹೇಳುತ್ತಾರೆ, ಒಮ್ಮೊಮ್ಮೆ ವೈದ್ಯರೂ ಹೇಳುವುದುಂಟು. ಈ ಮಾತಿನ ಬೆನ್ನಿಗೆ ಒಂದು ಸಲಹೆಯೂ ಬರುತ್ತದೆ: ಒಂದು ಭಾಷೆಯನ್ನು ಬಿಟ್ಟುಬಿಡಿ. ಹಾಗೆ ಬಿಡಬೇಕಾಗಿ ಬರುವುದು ಸಾಮಾನ್ಯವಾಗಿ ಅಜ್ಜಿಯ ಭಾಷೆಯನ್ನು. ಇನ್ನು ಕೆಲವರು ಇದೇ ಅಭಿಪ್ರಾಯದಿಂದ ತೀರ ಬೇರೆಯಾದ ಸಮಾಧಾನವನ್ನು ಪಡೆಯುತ್ತಾರೆ: ಎರಡು ಭಾಷೆಯ ಮಗುವಾದುದರಿಂದ ತಡವಾಗುವುದು ಸಹಜ, ಇನ್ನೊಂದು ವರ್ಷ ಕಾಯೋಣ. ಮೊದಲನೆಯ ಮಾರ್ಗದಲ್ಲಿ ಮಗು ಒಂದು ಭಾಷೆಯನ್ನು ಕಳೆದುಕೊಳ್ಳುತ್ತದೆ. ಎರಡನೆಯದರಲ್ಲಿ, ಕಿವಿ ಸರಿಯಾಗಿ ಕೇಳದ ಮಗುವೊಂದು ಚಿಕಿತ್ಸೆಗೆ ಅತ್ಯಂತ ಫಲಕಾರಿಯಾದ ತಿಂಗಳುಗಳನ್ನೇ ಕಳೆದುಕೊಳ್ಳಬಹುದು.

ಇತಿಹಾಸದ ಅಧ್ಯಾಪಕರಿಗೆ ಮಕ್ಕಳ ಮಾತಿನ ಗೊಡವೆಯೇಕೆಂದು ವಾಚಕರು ಕೇಳಬಹುದು. ನಾವು ವೈದ್ಯರೂ ಅಲ್ಲ, ಭಾಷಾವಿಜ್ಞಾನಿಗಳೂ ಅಲ್ಲ. ಆದರೆ ಈ ಅಭಿಪ್ರಾಯಕ್ಕೆ ಒಂದು ಹುಟ್ಟೂರಿದೆ, ಬೆಳೆದ ಬಗೆಯಿದೆ. ಅದನ್ನು ಹುಟ್ಟಿಸಿದವರು ಮಕ್ಕಳ ಮಾತನ್ನು ಆಲಿಸಿದ್ದಕ್ಕಿಂತ ಹೆಚ್ಚಾಗಿ ಮಕ್ಕಳ ಮಾತನ್ನು ಎಣಿಸಿದರು. ಎಣಿಸುವಾಗ ಒಂದೇ ಭಾಷೆಯಲ್ಲಿ ಎಣಿಸಿದರು. ಈ ಲೆಕ್ಕದ ಕಥೆಯನ್ನು ಹೇಳುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ‘ತಡ’ ಎಂದರೇನೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಶಿಶುಗಳು ಸಾಮಾನ್ಯವಾಗಿ ಆರರಿಂದ ಹತ್ತು ತಿಂಗಳೊಳಗೆ ‘ಬಬಬ’, ‘ದದದ’ ಎಂದು ಅಕ್ಷರಗಳನ್ನು ಜೋಡಿಸಿ ತೊದಲತೊಡಗುತ್ತವೆ. ವರ್ಷ ತುಂಬುವ ಆಸುಪಾಸಿನಲ್ಲಿ ಮೊದಲ ಪದವು ಕಾಣಿಸಿಕೊಳ್ಳುತ್ತದೆ. ಒಂದೂವರೆ ವರ್ಷದಿಂದ ಎರಡು ವರ್ಷದೊಳಗೆ ‘ಅಮ್ಮ ಬಾ’ ಎಂಬಂತಹ ಎರಡು ಪದಗಳ ಮಾತು ಬರುತ್ತದೆ. ಮಗುವಿನಿಂದ ಮಗುವಿಗೆ ಅಂತರ ಬಹಳವಿದ್ದರೂ, 24 ತಿಂಗಳ ವೇಳೆಗೆ 50 ಪದಗಳೂ ಇಲ್ಲದ, ಅಥವಾ ಎರಡು ಪದಗಳನ್ನು ಕೂಡಿಸಿ ಹೇಳದ ಮಗುವನ್ನು ಪರೀಕ್ಷೆಗೆ ಒಳಪಡಿಸುವುದು ಯುಕ್ತವೆಂದು ತಜ್ಞರು ಒಪ್ಪಿದ್ದಾರೆ. ಅಮೆರಿಕದ ಮನೋವಿಜ್ಞಾನಿ ಲೆಸ್ಲಿ ರೆಸ್ಕೋರ್ಲಾ ಅವರು 1989ರಲ್ಲಿ ಪ್ರಕಟಿಸಿದ ಪದಪಟ್ಟಿಯ ಸಮೀಕ್ಷೆಯಿಂದ ಈ ಅಳತೆಯು ಪ್ರಚಾರಕ್ಕೆ ಬಂದಿತು. ಅಳತೆಯೇನೋ ಉಪಯುಕ್ತವಾದುದೇ. ಆದರೆ ಆ ಐವತ್ತು ಪದಗಳು ಯಾವ ಭಾಷೆಯವಾಗಿರಬೇಕು? ಒಂದೇ ಭಾಷೆಯ ಮನೆಯಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ.

ಅಪವಾದದ ಮೂಲವನ್ನು ಅರಸಿಹೊರಟರೆ ನಾವು ವೇಲ್ಸ್ ದೇಶವನ್ನು ಸೇರುತ್ತೇವೆ. 1847ರಲ್ಲಿ ಬ್ರಿಟಿಷ್ ಸರ್ಕಾರವು ವೇಲ್ಸಿನ ಶಾಲೆಗಳ ಸ್ಥಿತಿಯನ್ನು ಕುರಿತು ಒಂದು ದೊಡ್ಡ ವರದಿಯನ್ನು ಹೊರಡಿಸಿತು. ವಿಚಾರಣೆಗೆ ನಿಯಮಿತರಾದ ಮೂವರು ಆಯುಕ್ತರಲ್ಲಿ ಒಬ್ಬರಿಗೂ ವೆಲ್ಷ್ ಭಾಷೆ ಬರುತ್ತಿರಲಿಲ್ಲ. ಆ ನಾಡಿನ ಬಡತನಕ್ಕೂ ಅಜ್ಞಾನಕ್ಕೂ ಅಲ್ಲಿನ ಭಾಷೆಯೇ ಅಡ್ಡಗೋಡೆಯಾಗಿದೆಯೆಂದು ವರದಿ ಸಾರಿತು. ವೆಲ್ಷ್ ಜನರು ಆ ನೀಲಿ ರಟ್ಟಿನ ಸಂಪುಟಗಳನ್ನು ‘ನೀಲಿ ಪುಸ್ತಕಗಳ ದ್ರೋಹ’ವೆಂದು ಕರೆದು ಇಂದಿಗೂ ನೆನೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದ ಅಲ್ಲಿನ ಅನೇಕ ಶಾಲೆಗಳಲ್ಲಿ, ವೆಲ್ಷ್ ಮಾತಾಡಿ ಸಿಕ್ಕಿಬಿದ್ದ ಬಾಲಕನ ಕೊರಳಿಗೆ ಮರದ ತುಂಡೊಂದನ್ನು ನೇತುಹಾಕುತ್ತಿದ್ದರು. ಅವನು ತನ್ನಂತೆಯೇ ಮಾತಾಡಿದ ಮತ್ತೊಬ್ಬನನ್ನು ತೋರಿಸಿಕೊಟ್ಟರೆ ಅದು ಆ ಕೊರಳಿಗೆ ಹೋಗುತ್ತಿತ್ತು. ಸಂಜೆ ಅದು ಯಾರ ಕೊರಳಲ್ಲಿದೆಯೋ ಅವನಿಗೆ ಬೆತ್ತದ ಪೆಟ್ಟು.

ಇದು ಆಡಳಿತದ ಮತ್ತು ಶಿಕ್ಷೆಯ ಭಾಷೆ. ಇದಕ್ಕೆ ಶಾಸ್ತ್ರದ ಉಡುಪನ್ನು ತೊಡಿಸಿದವರು ಆಮೇಲೆ ಬಂದರು. ಎಡಿನ್‌ಬರೋ ವಿಶ್ವವಿದ್ಯಾನಿಲಯದ ಶಿಕ್ಷಣಶಾಸ್ತ್ರದ ಪ್ರಾಧ್ಯಾಪಕ ಸೈಮನ್ ಲಾರಿ ಅವರು 1890ರಲ್ಲಿ ಪ್ರಕಟವಾದ ತಮ್ಮ ಉಪನ್ಯಾಸಗಳಲ್ಲಿ, ಮಗುವೊಂದು ಎರಡು ಭಾಷೆಗಳಲ್ಲಿ ಸಮನಾಗಿ ಬದುಕುವುದು ಸಾಧ್ಯವಾದರೆ ಅದರ ಬೌದ್ಧಿಕ ಬೆಳವಣಿಗೆ ಇಮ್ಮಡಿಯಾಗುವ ಬದಲು ಅರ್ಧಕ್ಕಿಳಿಯುವುದೆಂದು ಅಭಿಪ್ರಾಯಪಟ್ಟರು. ಡೆನ್ಮಾರ್ಕಿನ ಪ್ರಸಿದ್ಧ ಭಾಷಾವಿಜ್ಞಾನಿ ಓಟೊ ಯೆಸ್ಪರ್ಸನ್ ಅವರೂ 1922ರ ತಮ್ಮ ಗ್ರಂಥದಲ್ಲಿ, ಎರಡು ಭಾಷೆಗಳನ್ನು ಕಲಿಯುವ ಮಗು ಎರಡನ್ನೂ ಅಪೂರ್ಣವಾಗಿಯೇ ಕಲಿಯುತ್ತದೆ, ಆ ಶ್ರಮದಿಂದ ಇತರ ವಿಷಯಗಳನ್ನು ಕಲಿಯುವ ಶಕ್ತಿಯೂ ಕುಂದುತ್ತದೆ ಎಂಬ ಭಾವನೆಯನ್ನು ವ್ಯಕ್ತಪಡಿಸಿದರು. ಈ ಇಬ್ಬರೂ ಮಿದುಳನ್ನು ಒಂದು ನಿಶ್ಚಿತ ಅಳತೆಯ ಪಾತ್ರೆಯಂತೆ ಭಾವಿಸಿದರು. ಒಂದು ಭಾಷೆಯನ್ನು ಸುರಿದಷ್ಟೂ ಇನ್ನೊಂದಕ್ಕೆ ಎಡೆ ಕಡಮೆ.

ಮುಂದಿನ ವರ್ಷವೇ, ಅಂದರೆ 1923ರಲ್ಲಿ, ಡಿ. ಜೆ. ಸೇಯರ್ ಅವರು ವೇಲ್ಸಿನ ಸುಮಾರು 1,400 ಶಾಲಾಮಕ್ಕಳ ಬುದ್ಧಿಪರೀಕ್ಷೆಯ ಫಲಿತಾಂಶಗಳನ್ನು ಪ್ರಕಟಿಸಿದರು. ಗ್ರಾಮಾಂತರ ಪ್ರದೇಶಗಳಲ್ಲಿ ಒಂದೇ ಭಾಷೆಯ ಮಕ್ಕಳಿಗಿಂತ ಎರಡು ಭಾಷೆಯ ಮಕ್ಕಳು ಹಿಂದಿದ್ದರು. ನಗರದ ಮಕ್ಕಳಲ್ಲಿ ಅಂತಹ ಅಂತರವೇ ತೋರಲಿಲ್ಲ. ವಾಚಕರು ಈ ಎರಡನೆಯ ವಾಕ್ಯವನ್ನು ಗಮನಿಸಬೇಕು. ಎರಡು ಭಾಷೆಗಳೇ ಬುದ್ಧಿಯನ್ನು ಕುಗ್ಗಿಸುವುದಾದರೆ ಪಟ್ಟಣದಲ್ಲಿಯೂ ಕುಗ್ಗಿಸಬೇಕಷ್ಟೆ! ಸೇಯರ್ ಅವರು ಈ ವ್ಯತ್ಯಾಸಕ್ಕೆ ಕಾರಣವನ್ನು ಮಗುವು ಎರಡನೆಯ ಭಾಷೆಯನ್ನು ಯಾವಾಗ ಮತ್ತು ಎಲ್ಲಿ ಎದುರುಗೊಳ್ಳುತ್ತದೆಂಬುದರಲ್ಲಿ ಹುಡುಕಿದರು: ಪಟ್ಟಣದ ಮಗು ಆಟದಲ್ಲಿ ಕಲಿತದ್ದನ್ನು ಹಳ್ಳಿಯ ಮಗು ಶಾಲೆಯಲ್ಲಿ ಎದುರಿಸುತ್ತಿತ್ತು. ಈ ಎಚ್ಚರದ ಮಾತು ಹಿಂದಕ್ಕುಳಿದು, ‘ದ್ವಿಭಾಷಿಕರು ಮಂದಬುದ್ಧಿಗಳು’ ಎಂಬ ಭಾಗ ಮಾತ್ರ ಕಡಲು ದಾಟಿತು. ಸಂಶೋಧನೆಯ ಫಲಗಳು ಪ್ರಯಾಣ ಮಾಡುವಾಗ ತಮ್ಮ ಷರತ್ತುಗಳನ್ನು ಮನೆಯಲ್ಲಿಯೇ ಬಿಟ್ಟು ಹೋಗುವುದು ಅಪರೂಪವಲ್ಲ.

ಕಡಲಾಚೆಯ ಅಮೆರಿಕದಲ್ಲಿ ಈ ಮಾತಿಗೆ ನೆಲ ಹದವಾಗಿತ್ತು. ಹೆನ್ರಿ ಗೊಡ್ಡರ್ಡ್ ಅವರ ತಂಡವು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಹಡಗಿನಿಂದಿಳಿದ ವಲಸೆಗಾರರಿಗೆ ದುಭಾಷಿಗಳ ಮೂಲಕ ಬುದ್ಧಿಪರೀಕ್ಷೆ ನಡೆಸಿ, ಬಹುಪಾಲು ಜನ ದುರ್ಬಲಬುದ್ಧಿಯವರೆಂಬ ಫಲಿತಾಂಶವನ್ನು 1917ರಲ್ಲಿ ಪ್ರಕಟಿಸಿತ್ತು. ಕಾರ್ಲ್ ಬ್ರಿಗಮ್ ಅವರು 1923ರಲ್ಲಿ ಸೈನ್ಯದ ಪರೀಕ್ಷೆಗಳನ್ನು ವಿಶ್ಲೇಷಿಸಿದಾಗ, ಅಮೆರಿಕದಲ್ಲಿ ಹೆಚ್ಚು ವರ್ಷ ವಾಸವಾಗಿದ್ದ ವಲಸೆಗಾರರು ಹೆಚ್ಚು ಅಂಕ ಪಡೆದಿದ್ದರು. ಹೆಚ್ಚು ವರ್ಷವಿದ್ದವರಿಗೆ ಇಂಗ್ಲಿಷ್ ಹೆಚ್ಚು ಬರುತ್ತದೆಂಬ ಸುಲಭವಾದ ವಿವರಣೆಯನ್ನು ಬದಿಗಿಟ್ಟು, ವರ್ಷದಿಂದ ವರ್ಷಕ್ಕೆ ಬರುವ ವಲಸೆಗಾರರ ಗುಣವೇ ಇಳಿಯುತ್ತಿದೆಯೆಂದು ಅವರು ತೀರ್ಮಾನಿಸಿದರು. 1924ರಲ್ಲಿ ವಲಸೆಯನ್ನು ನಿರ್ಬಂಧಿಸುವ ಕಾಯಿದೆ ಬಂದಿತು. 1930ರಲ್ಲಿ ಬ್ರಿಗಮ್ ಅವರೇ ತಮ್ಮ ತೀರ್ಮಾನಗಳು ಆಧಾರರಹಿತವೆಂದು ಹಿಂತೆಗೆದುಕೊಂಡರು. ಕಾಯಿದೆ ಹಾಗೆಯೇ ಉಳಿಯಿತು. ನಡುವೆ, 1926ರಲ್ಲಿ, ಫ್ಲಾರೆನ್ಸ್ ಗುಡ್‌ಇನಫ್ ಅವರು ಮನೆಯಲ್ಲಿ ಪರಭಾಷೆಯ ಬಳಕೆ ಹೆಚ್ಚಿದ್ದಷ್ಟೂ ಆ ಜನವರ್ಗದ ಮಕ್ಕಳ ಅಂಕ ಕಡಮೆಯಿರುವುದನ್ನು ಕಂಡರು. ಮನೆಯ ಭಾಷೆಯಿಂದ ಬುದ್ಧಿ ಕುಗ್ಗಿತೇ, ಅಥವಾ ಬುದ್ಧಿ ಕಡಮೆಯಾದುದರಿಂದ ಹೊಸ ಭಾಷೆ ಬರಲಿಲ್ಲವೇ ಎಂಬ ಪ್ರಶ್ನೆಯನ್ನೆತ್ತಿ, ಎರಡನೆಯದೇ ಹೆಚ್ಚು ಸಂಭವನೀಯವೆಂದರು. ಪರೀಕ್ಷೆಯೇ ಇಂಗ್ಲಿಷಿನ ಮಕ್ಕಳಿಗಾಗಿ ರಚಿತವಾದುದೆಂಬ ಮೂರನೆಯ ಸಾಧ್ಯತೆಗೆ ತಕ್ಕ ತೂಕ ದೊರೆಯಲಿಲ್ಲ.

ಇಲ್ಲಿಯವರೆಗಿನ ಆರೋಪವು ಬುದ್ಧಿಯ ಮೇಲೆ. ಅದು ಮಾತಿನ ಮೇಲೆ, ಅದರಲ್ಲಿಯೂ ಎಳೆಯ ಶಿಶುವಿನ ಮಾತಿನ ಮೇಲೆ ಬಂದುದಕ್ಕೆ ಹವಾಯಿ ದ್ವೀಪಗಳು ಮುಖ್ಯ ಕಾರಣ. ಕಬ್ಬಿನ ತೋಟಗಳ ದುಡಿಮೆಗಾಗಿ ಚೀನಾ, ಜಪಾನ್, ಕೊರಿಯ, ಫಿಲಿಪ್ಪೀನ್ಸ್, ಪೋರ್ಚುಗಲ್ ಮುಂತಾದೆಡೆಗಳಿಂದ ಬಂದ ಜನರು ಅಲ್ಲಿ ನೆಲಸಿದ್ದರು. ತಮ್ಮತಮ್ಮೊಳಗೆ ಅವರು ಹಲವು ನುಡಿಗಳು ಬೆರೆತ ಒಂದು ಬಗೆಯ ಇಂಗ್ಲಿಷನ್ನು ಬಳಸುತ್ತಿದ್ದರು. ಮಡೋರಾ ಸ್ಮಿತ್ ಅವರು ಈ ಮನೆಗಳ ಸುಮಾರು ಒಂದು ಸಾವಿರ ಎಳೆಯ ಮಕ್ಕಳ ಮಾತುಗಳನ್ನು ಬರೆದುಕೊಂಡು 1939ರಲ್ಲಿ ವಿಸ್ತಾರವಾದ ಪ್ರಬಂಧವನ್ನು ಪ್ರಕಟಿಸಿ, ಈ ಮಕ್ಕಳು ಭಾಷೆಯಲ್ಲಿ ಅಮೆರಿಕದ ಒಳನಾಡಿನ ಮಕ್ಕಳಿಗಿಂತ ವರ್ಷಗಳಷ್ಟು ಹಿಂದುಳಿದಿದ್ದಾರೆಂದು ತೋರಿಸಿದರು. ಪ್ರಬಂಧದ ಶೀರ್ಷಿಕೆಯೇ ಅಳತೆಗೋಲನ್ನು ಬಿಟ್ಟುಕೊಡುತ್ತದೆ: ಅಳೆದದ್ದು ಇಂಗ್ಲಿಷಿನಲ್ಲಿ ಮಕ್ಕಳು ಸಾಧಿಸಿದ ಪ್ರಗತಿಯನ್ನು. ತೋಟದ ಇಂಗ್ಲಿಷನ್ನು ಸುತ್ತಮುತ್ತ ಎಲ್ಲರೂ ಆಡುತ್ತಿರುವಾಗ ಮಗು ಅದನ್ನೇ ಕಲಿತರೆ, ಕಲಿತದ್ದೂ ತಪ್ಪಿನ ಪಟ್ಟಿಗೇ ಸೇರುತ್ತದೆ. ಆದರೂ ಸ್ಮಿತ್ ಅವರ ಪ್ರಾಮಾಣಿಕತೆಯನ್ನು ಮೆಚ್ಚಬೇಕು. 1949ರಲ್ಲಿ ಅವರೇ ಹೊನೊಲುಲುವಿನ ಚೀನೀ ಮೂಲದ ಮಕ್ಕಳ ಪದಸಂಪತ್ತನ್ನು ಎರಡೂ ಭಾಷೆಗಳಲ್ಲಿ ಅಳೆಯಲು ಮುಂದಾದರು. ಹತ್ತು ವರ್ಷ ಮೊದಲಿನ ಪ್ರಬಂಧದ ಕೀರ್ತಿ ಈ ಎರಡನೆಯದಕ್ಕೆ ಬರಲಿಲ್ಲ.

ಸೋಜಿಗವೆಂದರೆ, ಇದಕ್ಕೆ ವಿರುದ್ಧವಾದ ಸಾಕ್ಷ್ಯವು ಮೊದಲಿನಿಂದಲೂ ಕೈಯಲ್ಲಿತ್ತು. ಫ್ರೆಂಚ್ ಭಾಷಾವಿಜ್ಞಾನಿ ಜೂಲ್ ರೊಂಜಾ ಅವರ ಪತ್ನಿಯ ಮಾತು ಜರ್ಮನ್. 1908ರಲ್ಲಿ ಮಗ ಲೂಯಿ ಹುಟ್ಟಿದಾಗ, ಗೆಳೆಯ ಮೋರಿಸ್ ಗ್ರಾಮೋಂ ಅವರ ಸಲಹೆಯಂತೆ ತಂದೆ ಫ್ರೆಂಚನ್ನೂ ತಾಯಿ ಜರ್ಮನನ್ನೂ ತಪ್ಪದೆ ಆಡಿದರು. ಮಗು ಎರಡನ್ನೂ ಸಕಾಲದಲ್ಲಿ, ಒಂದರಿಂದ ಇನ್ನೊಂದಕ್ಕೆ ಕೇಡಿಲ್ಲದಂತೆ ಕಲಿತ ವೃತ್ತಾಂತವನ್ನು 1913ರಲ್ಲಿ ರೊಂಜಾ ಪುಸ್ತಕವಾಗಿ ಹೊರತಂದರು. ಅಮೆರಿಕದಲ್ಲಿ ವರ್ನರ್ ಲಿಯೊಪೋಲ್ಡ್ ಅವರು ಮಗಳು ಹಿಲ್ಡೆಗಾರ್ಡಳ ಇಂಗ್ಲಿಷ್–ಜರ್ಮನ್ ಮಾತುಗಳ ದಿನಚರಿಯನ್ನಿಟ್ಟು 1939ರಿಂದ 1949ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದರು. ಇವು ವಿದ್ವಾಂಸರ ಮನೆಯ ಒಂದೊಂದು ಮಗುವಿನ ಕಥೆಗಳೆಂಬ ಆಕ್ಷೇಪಣೆ ಸರಿಯೇ. ಆದರೆ ಸಾವಿರ ಮಕ್ಕಳ ಅರ್ಧ ಮಾತನ್ನು ಎಣಿಸಿದ ಲೆಕ್ಕಕ್ಕಿಂತ ಒಂದು ಮಗುವಿನ ಇಡೀ ಮಾತನ್ನು ಕೇಳಿದ ದಿನಚರಿ ಹೆಚ್ಚು ನಂಬಲರ್ಹವೆಂದೇ ನಮ್ಮ ಅಭಿಪ್ರಾಯ.

ಬುದ್ಧಿಯ ಮೇಲಿನ ಆರೋಪವು ಎರಡು ಕಡೆಗಳಲ್ಲಿ ಮುರಿದುಬಿದ್ದಿತು. ವೇಲ್ಸಿನಲ್ಲಿಯೇ ಡಬ್ಲ್ಯು. ಆರ್. ಜೋನ್ಸ್ ಅವರು 1959ರಲ್ಲಿ, ತಂದೆತಾಯಿಯರ ಉದ್ಯೋಗ ಮತ್ತು ಆರ್ಥಿಕ ಸ್ಥಿತಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ದ್ವಿಭಾಷಿಕತೆ ಬುದ್ಧಿಗೆ ತೊಡಕೆಂದು ಹೇಳಲಾಗದೆಂದು ತೋರಿಸಿದರು. ಕೆನಡದ ಮಾಂಟ್ರಿಯಲ್ ನಗರದಲ್ಲಿ ಎಲಿಜಬೆತ್ ಪೀಲ್ ಮತ್ತು ವಾಲೆಸ್ ಲ್ಯಾಂಬರ್ಟ್ ಅವರು ಒಂದೇ ಬಗೆಯ ಮನೆಗಳಿಂದ ಬಂದ ಹತ್ತು ವರ್ಷದ 164 ಮಕ್ಕಳನ್ನು ಪರೀಕ್ಷಿಸಿ, ದ್ವಿಭಾಷಿಕರೇ ಮುಂದಿದ್ದಾರೆಂದು 1962ರಲ್ಲಿ ಪ್ರಕಟಿಸಿದರು. ಇಲ್ಲಿಯೂ ಎಚ್ಚರ ಅಗತ್ಯ. ಅವರು ಆರಿಸಿಕೊಂಡದ್ದು ಎರಡು ಭಾಷೆಗಳಲ್ಲಿಯೂ ಸಮಾನ ಹಿಡಿತವಿದ್ದ ಮಕ್ಕಳನ್ನು. ಅಂತಹವರು ಮೊದಲೇ ಚುರುಕಾದವರಿರಬಹುದು. ದ್ವಿಭಾಷಿಕತೆ ಬುದ್ಧಿಯನ್ನು ಹರಿತಗೊಳಿಸುತ್ತದೆಂಬ ಹೊಸ ಉತ್ಸಾಹದ ಮಾತಿಗೂ ಅನುಕೂಲ ಫಲಿತಾಂಶಗಳೇ ಹೆಚ್ಚಾಗಿ ಅಚ್ಚಾಗುತ್ತಿವೆಯೆಂಬ ಟೀಕೆ 2015ರಲ್ಲಿ ಬಂದಿದೆ. ನಿಂದೆಯಂತೆ ಸ್ತುತಿಯನ್ನೂ ಪರೀಕ್ಷಿಸಿಯೇ ಸ್ವೀಕರಿಸಬೇಕು.

ನಮ್ಮ ದೇಶದ ಒಂದು ಅಧ್ಯಯನ ಈ ದೃಷ್ಟಿಯಿಂದ ಬಹು ಬೆಲೆಯುಳ್ಳದ್ದು. ಒಡಿಶಾದ ಕಂಧ ಜನಾಂಗದಲ್ಲಿ ಕೆಲವು ಕಡೆಯವರು ತಮ್ಮ ಕುಯಿ ಭಾಷೆಯನ್ನೂ ಒಡಿಯಾವನ್ನೂ ಆಡುತ್ತಾರೆ. ಇನ್ನು ಕೆಲವು ಕಡೆಯವರು ಕುಯಿಯನ್ನು ಮರೆತು ಒಡಿಯಾ ಮಾತ್ರ ಆಡುತ್ತಾರೆ. ಜನಾಂಗ ಒಂದೇ, ಜೀವನಕ್ರಮ ಒಂದೇ, ಬಡತನವೂ ಒಂದೇ. ಭೇದವಿರುವುದು ಭಾಷೆಯಲ್ಲಿ ಮಾತ್ರ. ಸೇಯರ್ ಅವರಿಗೆ ವೇಲ್ಸಿನಲ್ಲಿ ದೊರೆಯದ ಹೋಲಿಕೆ ಇಲ್ಲಿ ತಾನಾಗಿಯೇ ಒದಗಿತ್ತು. ಅಜಿತ್ ಮೊಹಾಂತಿ ಅವರ ಪರೀಕ್ಷೆಗಳಲ್ಲಿ ದ್ವಿಭಾಷಿಕ ಮಕ್ಕಳು ಹಿಂದೆ ಬೀಳುವುದಿರಲಿ, ಮುಂದೆಯೇ ಇದ್ದರು. ಅವರ ಗ್ರಂಥವನ್ನು 1994ರಲ್ಲಿ ಪ್ರಕಟಿಸಿದುದು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ.

ಇನ್ನು ಎಳೆಯ ಮಗುವಿನ ಪದಗಳ ಲೆಕ್ಕಕ್ಕೆ ಬರೋಣ. ಮಂಗಳೂರಿನ ಒಂದು ಮನೆಯನ್ನು ನಿದರ್ಶನಕ್ಕಾಗಿ ಕಲ್ಪಿಸಿಕೊಳ್ಳಬಹುದು. ತಾಯಿಯ ಮಾತು ತುಳು. ಘಟ್ಟದ ಮೇಲಿನಿಂದ ಬಂದ ತಂದೆಯ ಮಾತು ಕನ್ನಡ. ಎರಡು ವರ್ಷದ ಮಗುವಿಗೆ ಕನ್ನಡದ 35 ಪದಗಳೂ ತುಳುವಿನ 30 ಪದಗಳೂ ಬರುತ್ತವೆಯೆನ್ನೋಣ. ಹಾಲನ್ನು ಅಪ್ಪನ ಮುಂದೆ ‘ಹಾಲು’ ಎಂದೂ ಅಮ್ಮನ ಮುಂದೆ ‘ಪೇರ್’ ಎಂದೂ, ಬೆಕ್ಕನ್ನು ‘ಬೆಕ್ಕು’, ‘ಪುಚ್ಚೆ’ ಎಂದೂ ಹೇಳುವಂತಹ ಜೋಡಿಗಳು ಹತ್ತಿವೆಯೆನ್ನೋಣ. ಉಳಿದವುಗಳಿಗೆ ಒಂದೊಂದು ಭಾಷೆಯಲ್ಲಿ ಮಾತ್ರ ಹೆಸರು ಗೊತ್ತು: ಅಡುಗೆಮನೆಯ ವಸ್ತುಗಳು ತುಳುವಿನಲ್ಲಿ, ಬೀದಿಯ ವಸ್ತುಗಳು ಕನ್ನಡದಲ್ಲಿ. ಕನ್ನಡದ ಪಟ್ಟಿಯನ್ನು ಮಾತ್ರ ಹಿಡಿದವರಿಗೆ ಈ ಮಗು 35 ಪದಗಳ ಹಿಂದುಳಿದ ಮಗು. ತುಳುವಿನ ಪಟ್ಟಿಯಲ್ಲಿ ಇನ್ನೂ ಹಿಂದು. ಕೂಡಿಸಿದರೆ ಪದಗಳು 65. ಜೋಡಿಗಳನ್ನು ಒಮ್ಮೆ ಮಾತ್ರ ಎಣಿಸಿದರೂ ಮಗು ಹೆಸರಿಡಬಲ್ಲ ವಿಷಯಗಳು 55. ಅದೇ ಮಗು ತಡವಾದ ಮಗುವಲ್ಲ.

ಬಾರ್ಬರಾ ಪಿಯರ್ಸನ್ ಮತ್ತು ಸಂಗಡಿಗರು ಅಮೆರಿಕದ ಮಯಾಮಿ ನಗರದಲ್ಲಿ ಮಾಡಿದುದು ಇಂತಹ ಲೆಕ್ಕವನ್ನೇ. ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡನ್ನೂ ಕೇಳಿ ಬೆಳೆಯುತ್ತಿದ್ದ 25 ಶಿಶುಗಳನ್ನು ಏಕಭಾಷಿಕರಾದ 35 ಶಿಶುಗಳೊಡನೆ ಹೋಲಿಸಿ, ಎರಡು ಭಾಷೆಗಳ ಪದಗಳನ್ನು ಒಟ್ಟುಗೂಡಿಸಿದಾಗ ದ್ವಿಭಾಷಿಕ ಶಿಶುಗಳು ಹಿಂದಿವೆಯೆನ್ನಲು ಆಧಾರವಿಲ್ಲವೆಂದು ಅವರು 1993ರಲ್ಲಿ ತಿಳಿಸಿದರು. ಆದರೆ ಒಂದೊಂದೇ ಭಾಷೆಯನ್ನು ನೋಡಿದರೆ ಅಂತರವಿರುವುದು ನಿಜ. ಅದನ್ನು ಮರೆಮಾಚುವುದು ಸಲ್ಲದು. ಎಲೆನ್ ಬಿಯಾಲಿಸ್ಟಾಕ್ ಮತ್ತು ಸಂಗಡಿಗರು 2010ರಲ್ಲಿ ಮೂರರಿಂದ ಹತ್ತು ವರ್ಷದ 1,738 ಮಕ್ಕಳ ಇಂಗ್ಲಿಷ್ ಪದಜ್ಞಾನವನ್ನು ಪರಿಶೀಲಿಸಿದಾಗ ದ್ವಿಭಾಷಿಕರ ಅಂಕ ಸ್ವಲ್ಪ ಕಡಮೆಯಿತ್ತು. ಆರು ವರ್ಷದವರ ಉತ್ತರಗಳನ್ನು ಬಿಡಿಸಿ ನೋಡಿದರೆ ಅಂತರವಿದ್ದುದು ಮುಖ್ಯವಾಗಿ ಮನೆಯ ಬಳಕೆಯ ಪದಗಳಲ್ಲಿ. ಶಾಲೆಯ ಪದಗಳಲ್ಲಿ ಅವರು ಇತರರಿಗೆ ಸಮನಾಗಿದ್ದರು. ಮನೆಯಲ್ಲಿ ಬೇರೆ ಭಾಷೆಯನ್ನಾಡುವ ಮಗುವಿಗೆ ಸೌಟಿನ ಹೆಸರು ಇಂಗ್ಲಿಷಿನಲ್ಲಿ ಏಕೆ ತಿಳಿದಿರಬೇಕು?

ಭಾಷೆಗಳನ್ನು ಬೆರೆಸಿ ಮಾತಾಡುವ ಮಗುವನ್ನು ಕಂಡು ತಂದೆತಾಯಿಗಳು ಅಂಜುವುದುಂಟು. ತನಗೆ ಒಂದು ಭಾಷೆಯಲ್ಲಿ ದೊರೆಯದ ಪದವನ್ನು ಇನ್ನೊಂದರಿಂದ ತಂದುಕೊಳ್ಳುವುದು ಮಗುವಿನ ಜಾಣತನವೇ ಹೊರತು ಗಲಿಬಿಲಿಯಲ್ಲ. ಮನೆಯ ಹಿರಿಯರೂ ಬೆರೆಸಿಯೇ ಮಾತಾಡುತ್ತಿರುತ್ತಾರೆಂಬುದು ಬೇರೆ ಮಾತು. ಕೆನಡದ ವ್ಯಾಂಕೂವರಿನಲ್ಲಿ ನಡೆದ, 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಗರ್ಭಿಣಿಯಾಗಿದ್ದಾಗ ಇಂಗ್ಲಿಷ್ ಮತ್ತು ತಗಾಲೊಗ್ ಎರಡನ್ನೂ ಆಡುತ್ತಿದ್ದ ತಾಯಂದಿರ ನವಜಾತ ಶಿಶುಗಳು ಎರಡು ಭಾಷೆಗಳಿಗೂ ಆಸಕ್ತಿ ತೋರಿದುದಲ್ಲದೆ, ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ಗುರುತಿಸಬಲ್ಲವಾಗಿದ್ದವು. ಹುಟ್ಟಿದ ದಿನಗಳಲ್ಲಿಯೇ ಇಷ್ಟು ವಿವೇಕವಿರುವಾಗ ಎರಡು ವರ್ಷಕ್ಕೆ ಅದು ಕಳೆದುಹೋಗುತ್ತದೆಂದು ತಿಳಿಯಲು ಕಾರಣವಿಲ್ಲ.

ಹಾಗಾದರೆ ದ್ವಿಭಾಷಿಕ ಮಗುವಿಗೆ ಮಾತು ತಡವಾಗುವುದೇ ಇಲ್ಲವೇ? ಖಂಡಿತವಾಗಿ ಆಗುತ್ತದೆ, ಏಕಭಾಷಿಕ ಮಗುವಿಗೆ ಆಗುವಂತೆಯೇ ಆಗುತ್ತದೆ. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಇಂಗ್ಲಿಷೊಂದನ್ನೇ ಆಡುವ ಶಿಶುವಿಹಾರದ ಮಕ್ಕಳಲ್ಲಿ ನೂರಕ್ಕೆ ಸುಮಾರು ಏಳರಷ್ಟು ಮಂದಿಗೆ, ಶ್ರವಣದೋಷವಾಗಲಿ ಬುದ್ಧಿದೋಷವಾಗಲಿ ಇಲ್ಲದೆಯೂ, ಭಾಷೆ ಸರಿಯಾಗಿ ಬೆಳೆಯದ ತೊಂದರೆಯಿತ್ತು. ಇಂತಹ ತೊಂದರೆಯುಳ್ಳ ಮಗು ಎರಡು ಭಾಷೆಯ ಮನೆಯಲ್ಲಿ ಹುಟ್ಟಿದರೆ ಅದರ ತೊಂದರೆ ಎರಡು ಭಾಷೆಗಳಲ್ಲಿಯೂ ಕಾಣಿಸುತ್ತದೆ. ಒಂದರಲ್ಲಿ ಸಲೀಸಾಗಿ ಮಾತಾಡಿ ಇನ್ನೊಂದರಲ್ಲಿ ತಡವರಿಸುವ ಮಗುವಿಗೆ ಆ ಇನ್ನೊಂದನ್ನು ಕೇಳುವ ಅವಕಾಶ ಸಾಲದಾಗಿದೆ ಎಂದಷ್ಟೇ ಅರ್ಥ.

ಅಂತಹ ಮಗುವಿಗಾದರೂ ಒಂದು ಭಾಷೆಯ ಹೊರೆಯನ್ನು ಇಳಿಸಬೇಡವೇ ಎಂಬ ಪ್ರಶ್ನೆ ಸಹಜ. ಕೆನಡದಲ್ಲಿ ಜೊಹಾನ್ ಪ್ಯಾರಡಿ ಮತ್ತು ಸಂಗಡಿಗರು ಭಾಷಾತೊಂದರೆಯುಳ್ಳ ಏಳು ವರ್ಷದ ಆಸುಪಾಸಿನ ಫ್ರೆಂಚ್–ಇಂಗ್ಲಿಷ್ ಮಕ್ಕಳನ್ನು, ಅದೇ ತೊಂದರೆಯುಳ್ಳ ಏಕಭಾಷಿಕ ಮಕ್ಕಳೊಡನೆ ಹೋಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯಾಕರಣದ ಪ್ರಯೋಗದಲ್ಲಿ ಮೊದಲನೆಯವರ ಸ್ಥಿತಿ ಹೆಚ್ಚು ಕೆಟ್ಟದ್ದಾಗಿರಲಿಲ್ಲ. ಡೌನ್ ಲಕ್ಷಣದೊಡನೆ ಹುಟ್ಟಿದ ಮಕ್ಕಳ ವಿಷಯದಲ್ಲಿಯೂ 2005ರ ಅಧ್ಯಯನವೊಂದು ಇದನ್ನೇ ಕಂಡಿತು. ಭಾಷೆಯೊಂದನ್ನು ತೆಗೆದುಹಾಕಿದರೆ ತೊಂದರೆ ತೊಲಗುವುದಿಲ್ಲ. ಅದಕ್ಕೆ ಬದಲಾಗಿ, ತನಗೆ ಸರಿಯಾಗಿ ಬಾರದ ಭಾಷೆಯಲ್ಲಿ ತಾಯಿಯು ಮಗುವಿನೊಡನೆ ಮಾತಾಡಬೇಕಾಗಿ ಬಂದು, ಲಾಲಿ, ಗದರಿಕೆ, ಕಥೆ ಎಲ್ಲವೂ ಹತ್ತಿಪ್ಪತ್ತು ವಾಕ್ಯಗಳಿಗೆ ಇಳಿಯುತ್ತದೆ. ಹೊರದೇಶಗಳಲ್ಲಿ ನೆಲಸಿರುವ ಕನ್ನಡದ ಮನೆಗಳಲ್ಲಿ, ‘ಶಾಲೆಯ ಭಾಷೆಯನ್ನೇ ಮನೆಯಲ್ಲಿಯೂ ಆಡಿ’ ಎಂಬ ಸಲಹೆಯನ್ನು ನಂಬಿದವರಿಗೆ ಒದಗುವ ಸ್ಥಿತಿ ಇದೇ. ಬೆಂಗಳೂರಿನಲ್ಲಿ ಯಾರೂ ಸಲಹೆ ಕೊಡದೆಯೂ ಅನೇಕರು ಇದನ್ನು ತಾವಾಗಿಯೇ ಬರಮಾಡಿಕೊಳ್ಳುತ್ತಿದ್ದಾರೆ.

ಆದುದರಿಂದ ಎರಡು ವರ್ಷದ ಮಗು ಮಾತಾಡದಿದ್ದಾಗ ಪರೀಕ್ಷಕರು ಕೇಳಬೇಕಾದುದು, ಮನೆಯಲ್ಲಿ ಎಷ್ಟು ಭಾಷೆಗಳಿವೆ ಎಂಬುದನ್ನಷ್ಟೇ ಅಲ್ಲ. ಯಾವ ಭಾಷೆಯನ್ನು ಯಾರು ಆಡುತ್ತಾರೆ, ದಿನದಲ್ಲಿ ಎಷ್ಟು ಹೊತ್ತು ಆಡುತ್ತಾರೆ, ಮಗು ಹೇಳಿದ್ದನ್ನು ತಿಳಿದುಕೊಳ್ಳುತ್ತದೆಯೇ, ಬೇಕಾದುದನ್ನು ಬೆರಳಿಟ್ಟು ತೋರಿಸುತ್ತದೆಯೇ, ಎಲ್ಲ ಭಾಷೆಗಳನ್ನೂ ಸೇರಿಸಿ ಎಷ್ಟು ಪದಗಳಿವೆ ಎಂದು ವಿಚಾರಿಸಬೇಕು. ತುಳು, ಕೊಂಕಣಿ, ಕೊಡವ, ದಖನಿ ಉರ್ದು ಮನೆಗಳ ಮಗುವನ್ನು ಕನ್ನಡದಲ್ಲಿ ಮಾತ್ರ ಪರೀಕ್ಷಿಸಿದರೆ ಹವಾಯಿಯ ಲೆಕ್ಕವನ್ನೇ ಮತ್ತೆ ಬರೆದಂತಾಗುತ್ತದೆ. ಮೈಸೂರಿನಲ್ಲಿ 1960ರ ದಶಕದಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕೇಂದ್ರವು ನಮ್ಮ ನಾಡಿನಲ್ಲಿಯೇ ಇರುವುದು ಈ ಕಾರ್ಯಕ್ಕೆ ದೊಡ್ಡ ಅನುಕೂಲ. ಎಲ್ಲಕ್ಕಿಂತ ಮೊದಲು ಆಗಬೇಕಾದುದು ಕಿವಿಯ ಪರೀಕ್ಷೆ. ಕಿವಿಯೊಳಗೆ ಪುಟ್ಟದೊಂದು ಶೋಧಕವನ್ನಿಟ್ಟು, ಒಳಗಿವಿಯಿಂದ ಹಿಂದಿರುಗುವ ಅತಿ ಸೂಕ್ಷ್ಮವಾದ ಧ್ವನಿಯನ್ನು ಯಂತ್ರದಿಂದ ಗುರುತಿಸುವ ಮೊದಲ ಹಂತದ ಪರೀಕ್ಷೆಯನ್ನು ಹುಟ್ಟಿದ ಕೆಲವೇ ದಿನಗಳಲ್ಲಿ, ಕೂಸು ನಿದ್ರಿಸುತ್ತಿರುವಾಗಲೇ, ಕೆಲವು ನಿಮಿಷಗಳಲ್ಲಿ ಮಾಡಿ ಮುಗಿಸಬಹುದು. ಅದಕ್ಕೆ ಮಗು ಯಾವ ಭಾಷೆಯಲ್ಲಿಯೂ ಉತ್ತರ ಕೊಡಬೇಕಾಗಿಲ್ಲ.